ಓದುಗರ ಪ್ರಶ್ನೆ, ನಮ್ಮ ಉತ್ತರ: ಅಮೆರಿಕದ ಬ್ಯಾಂಕ್ ಶುಲ್ಕಗಳೂ ವಾಷಿಂಗ್ಟನ್ನಿನ ಮತಗಳೂ

ಅಮೆರಿಕದಲ್ಲಿ ನೆಲೆಸಿರುವ ಓದುಗರಿಂದ ಅಲ್ಲಿನ ಬ್ಯಾಂಕುಗಳು ವಿಧಿಸುವ ಶುಲ್ಕಗಳ ಬಗ್ಗೆ ಇತ್ತೀಚೆಗೆ ಹಲವು ಪತ್ರಗಳು ಬಂದಿವೆ. ಬಹುತೇಕ ಎಲ್ಲ ಪತ್ರಗಳಲ್ಲಿಯೂ ಶುಲ್ಕದ ಮೇಲಿನ ಸಿಟ್ಟಿನ ಜೊತೆಗೆ ರಾಜಕೀಯದ ಮೇಲಿನ ಬೇಸರವೂ ಬೆರೆತಿದೆ. ಅವುಗಳಲ್ಲಿ ಕೆಲವನ್ನು ಆಯ್ದು ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಾನು ಒಹಾಯೊ ರಾಜ್ಯದಲ್ಲಿದ್ದೇನೆ. ಸಂಬಳ ಜಮೆಯಾಗುವ ಹಿಂದಿನ ದಿನ ದಿನನಿತ್ಯದ ವಹಿವಾಟಿನ ನನ್ನ ಚೆಕಿಂಗ್ ಖಾತೆಯಲ್ಲಿ ಕೆಲವೇ ಡಾಲರುಗಳ ಕೊರತೆ ಬಿದ್ದುದಕ್ಕೆ ಬ್ಯಾಂಕಿನವರು 35 ಡಾಲರ್ ಓವರ್‌ಡ್ರಾಫ್ಟ್ ಶುಲ್ಕ ಮುರಿದುಕೊಂಡರು. ಈ ಶುಲ್ಕ 5 ಡಾಲರಿಗೆ ಇಳಿಯುತ್ತದೆಂದು ಹಿಂದೆ ಕೇಳಿದ್ದೆ. ಆ ನಿಯಮ ಏನಾಯಿತು?

ಉತ್ತರ: ನೀವು ಕೇಳಿದ್ದು ನಿಜ. ನಿಯಮ ಸಿದ್ಧವಾಗಿ ಪ್ರಕಟವೂ ಆಗಿತ್ತು. ಜಾರಿಗೆ ಬರುವ ಮೊದಲೇ ಅದನ್ನು ರದ್ದುಪಡಿಸಲಾಯಿತು. ಅದು ಹೇಗೆ ನಡೆಯಿತೆಂದು ತಿಳಿಯಬೇಕಾದರೆ ಈ ಶುಲ್ಕದ ಹುಟ್ಟನ್ನು ಸ್ವಲ್ಪ ನೋಡಬೇಕು.

ಓವರ್‌ಡ್ರಾಫ್ಟ್ ಸೌಲಭ್ಯ ಚೆಕ್ಕುಗಳ ಕಾಲದ್ದು. ಅಂಚೆಯಲ್ಲಿ ಬಂದ ಚೆಕ್ಕಿಗೆ ಖಾತೆಯಲ್ಲಿ ಹಣ ಸಾಲದೆ ಹೋದಾಗ, ಪರಿಚಿತ ಗ್ರಾಹಕರ ಚೆಕ್ಕು ವಾಪಸಾಗಿ ಅವರ ಮಾನ ಹೋಗದಿರಲೆಂದು ಬ್ಯಾಂಕಿನ ಅಧಿಕಾರಿಯೇ ತೀರ್ಮಾನಿಸಿ ಅದನ್ನು ಪಾವತಿಸುತ್ತಿದ್ದರು. ಇದು ಆಗೊಮ್ಮೆ ಈಗೊಮ್ಮೆ ತೋರುವ ಸೌಜನ್ಯವಾದ್ದರಿಂದ, ಸಾಲ ಕೊಡುವವರು ಬಡ್ಡಿಯ ವಿವರವನ್ನು ಸ್ಪಷ್ಟವಾಗಿ ತಿಳಿಸಬೇಕೆಂಬ ಕಾನೂನಿಗೆ ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 1969ರಲ್ಲಿ ನಿಯಮಗಳನ್ನು ರೂಪಿಸಿದಾಗ ಇದನ್ನು ಅವುಗಳ ವ್ಯಾಪ್ತಿಯಿಂದ ಹೊರಗಿಟ್ಟಿತು. ಮುಂದೆ ಡೆಬಿಟ್ ಕಾರ್ಡ್ ಬಂದು, ಒಂದು ಕಾಫಿಯನ್ನೂ ಕಾರ್ಡಿನಿಂದಲೇ ಕೊಳ್ಳುವ ರೂಢಿ ಬೆಳೆದಂತೆ, ಅಧಿಕಾರಿಯ ವಿವೇಚನೆಯ ಜಾಗವನ್ನು ಕಂಪ್ಯೂಟರ್ ಆಕ್ರಮಿಸಿತು. ಸೌಜನ್ಯವಾಗಿದ್ದದ್ದು ಆದಾಯದ ಮೂಲವಾಯಿತು. ವಿನಾಯಿತಿ ಮಾತ್ರ ಹಾಗೆಯೇ ಉಳಿಯಿತು. ಕೆಲವು ಬ್ಯಾಂಕುಗಳು ಒಂದು ದಿನದ ವಹಿವಾಟುಗಳಲ್ಲಿ ಅತಿ ದೊಡ್ಡ ಮೊತ್ತವನ್ನು ಮೊದಲು ಕಳೆದು, ಸಣ್ಣ ಮೊತ್ತಗಳನ್ನು ಕೊನೆಗೆ ಇಟ್ಟುಕೊಂಡು, ಒಂದು ಬಾರಿ ಬೀಳಬೇಕಿದ್ದ ಶುಲ್ಕ ನಾಲ್ಕು ಬಾರಿ ಬೀಳುವಂತೆ ಮಾಡುತ್ತಿದ್ದವು. ಈ ಪದ್ಧತಿಯ ವಿರುದ್ಧದ ಮೊಕದ್ದಮೆಯಲ್ಲಿ ಬ್ಯಾಂಕ್ ಆಫ್ ಅಮೆರಿಕ 2011ರಲ್ಲಿ 41 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು.

ಇದರ ಹೊರೆ ಯಾರ ಮೇಲೆ ಎಂಬುದು ನನಗೆ ಎಲ್ಲಕ್ಕಿಂತ ಮುಖ್ಯವಾಗಿ ಕಾಣುತ್ತದೆ. 20 ಡಾಲರ್ ಕೊರತೆಯನ್ನು ಬ್ಯಾಂಕು ಮೂರು ದಿನ ಭರಿಸಿ 35 ಡಾಲರ್ ಪಡೆದರೆ, ಅದನ್ನು ವಾರ್ಷಿಕ ಬಡ್ಡಿಯಾಗಿ ಲೆಕ್ಕ ಹಾಕಿದಾಗ ಶೇಕಡಾ 20,000ವನ್ನು ಮೀರುತ್ತದೆ. ಗ್ರಾಹಕರ ಹಣಕಾಸು ಸಂರಕ್ಷಣೆಗೆಂದೇ ಇರುವ, ಸಿಎಫ್‌ಪಿಬಿ ಎಂಬ ಹೆಸರಿನ ಒಕ್ಕೂಟ ಸರ್ಕಾರದ ಸಂಸ್ಥೆ ನಡೆಸಿದ ಅಧ್ಯಯನದಂತೆ, ಸುಮಾರು ಶೇಕಡಾ 9ರಷ್ಟು ಖಾತೆಗಳೇ ಇಂತಹ ಶುಲ್ಕಗಳ ಸುಮಾರು ಶೇಕಡಾ 80ರಷ್ಟನ್ನು ತೆರುತ್ತವೆ. ಅಂದರೆ ತಿಂಗಳ ಕೊನೆಯಲ್ಲಿ ಕೈ ಬರಿದಾಗುವವರೇ ಮತ್ತೆ ಮತ್ತೆ ತೆರುತ್ತಾರೆ. 2019ರ ಒಂದೇ ವರ್ಷದಲ್ಲಿ ಈ ಬಾಬತ್ತಿನಿಂದ ಬ್ಯಾಂಕುಗಳಿಗೆ ಬಂದ ಆದಾಯ ಸುಮಾರು 1,547 ಕೋಟಿ ಡಾಲರ್.

ಈ ಹಿನ್ನೆಲೆಯಲ್ಲಿ ಸಿಎಫ್‌ಪಿಬಿ 2024ರ ಡಿಸೆಂಬರ್ 12ರಂದು ಅಂತಿಮ ನಿಯಮವನ್ನು ಪ್ರಕಟಿಸಿತು. 1,000 ಕೋಟಿ ಡಾಲರಿಗಿಂತ ಹೆಚ್ಚು ಆಸ್ತಿಯುಳ್ಳ ಬ್ಯಾಂಕುಗಳು 5 ಡಾಲರ್ ಮಾತ್ರ ವಿಧಿಸಬೇಕು. ಇಲ್ಲವೇ ತಮಗೆ ತಗಲುವ ನಿಜವಾದ ವೆಚ್ಚ ಮತ್ತು ನಷ್ಟದಷ್ಟನ್ನು ಮಾತ್ರ ಪಡೆಯಬೇಕು. ಅದಕ್ಕಿಂತ ಹೆಚ್ಚು ಬೇಕೆಂದರೆ ಅದನ್ನು ಸಾಲವೆಂದೇ ಒಪ್ಪಿ, ಬಡ್ಡಿಯ ದರವನ್ನು ಇತರ ಸಾಲಗಳಂತೆಯೇ ತಿಳಿಸಬೇಕು ಎಂಬುದು ಅದರ ಸಾರ. 2025ರ ಅಕ್ಟೋಬರ್ 1ರಿಂದ ಅದು ಜಾರಿಗೆ ಬರಬೇಕಿತ್ತು. ಆದರೆ ಅದೇ ವರ್ಷದ ಮಾರ್ಚ್ 27ರಂದು ಅಮೆರಿಕದ ಸಂಸತ್ತಾದ ಕಾಂಗ್ರೆಸ್ಸಿನ ಮೇಲ್ಮನೆ ಸೆನೆಟ್ 52–48 ಮತಗಳಿಂದಲೂ, ಏಪ್ರಿಲ್ 9ರಂದು ಕೆಳಮನೆಯಾದ ಜನಪ್ರತಿನಿಧಿಗಳ ಸಭೆ 217–211 ಮತಗಳಿಂದಲೂ ಅದನ್ನು ತಳ್ಳಿಹಾಕಿದವು; ಮೇ 9ರಂದು ಅಧ್ಯಕ್ಷ ಟ್ರಂಪ್ ಸಹಿ ಹಾಕಿದರು. ಹೀಗಾಗಿ ನಿಮ್ಮಿಂದ 35 ಡಾಲರ್ ಪಡೆದದ್ದು ಇಂದಿನ ಕಾನೂನಿನಂತೆ ತಪ್ಪಲ್ಲ.

ಆದರೂ ಒಂದು ರಕ್ಷಣೆ ಉಳಿದಿದೆ. ಎಟಿಎಂ ಮತ್ತು ಒಂದು ಬಾರಿಯ ಡೆಬಿಟ್ ಕಾರ್ಡ್ ಖರೀದಿಗೆ ಓವರ್‌ಡ್ರಾಫ್ಟ್ ಶುಲ್ಕ ವಿಧಿಸಬೇಕಾದರೆ ನೀವು ಮೊದಲೇ ಒಪ್ಪಿಗೆ ಕೊಟ್ಟಿರಬೇಕೆಂಬ ನಿಯಮ 2010ರಿಂದ ಜಾರಿಯಲ್ಲಿದೆ. ಖಾತೆ ತೆರೆಯುವಾಗ ಕೊಟ್ಟಿದ್ದರೂ ಆ ಒಪ್ಪಿಗೆಯನ್ನು ಯಾವಾಗ ಬೇಕಾದರೂ ಹಿಂದಕ್ಕೆ ಪಡೆಯಬಹುದು. ಹಾಗೆ ಮಾಡಿದರೆ ಹಣವಿಲ್ಲದಾಗ ಕಾರ್ಡ್ ನಡೆಯುವುದಿಲ್ಲ, ಶುಲ್ಕವೂ ಬೀಳುವುದಿಲ್ಲ. ಚೆಕ್ಕುಗಳಿಗೂ ಪ್ರತಿ ತಿಂಗಳು ತಾನಾಗಿ ಕಡಿತವಾಗುವ ಪಾವತಿಗಳಿಗೂ ಈ ರಕ್ಷಣೆ ಅನ್ವಯಿಸುವುದಿಲ್ಲವೆಂಬುದನ್ನು ಗಮನದಲ್ಲಿಡಿ. ಈಗ ಕಡಿತವಾಗಿರುವ 35 ಡಾಲರನ್ನು ಮರಳಿಸುವಂತೆ ಬ್ಯಾಂಕನ್ನು ಕೇಳಿ. ಮೊದಲ ಸಲವಾದರೆ ಅನೇಕ ಬ್ಯಾಂಕುಗಳು ಒಪ್ಪುತ್ತವೆ.

ಪ್ರಶ್ನೆ: ಕ್ರೆಡಿಟ್ ಕಾರ್ಡ್ ಬಡ್ಡಿಗೆ ಶೇಕಡಾ 10ರ ಮಿತಿ ಹಾಕುವುದಾಗಿ ಟ್ರಂಪ್ 2024ರ ಪ್ರಚಾರದಲ್ಲಿ ಹೇಳಿದ್ದರು. ಅವರ ರಿಪಬ್ಲಿಕನ್ ಪಕ್ಷವೇ ಬಹುಮತಕ್ಕೆ ಬಂದೊಡನೆ ಗ್ರಾಹಕರಿಗೆ ಅನುಕೂಲವಾಗಿದ್ದ ನಿಯಮವನ್ನು ತೆಗೆದದ್ದೇಕೆ? ಟೆಕ್ಸಾಸ್‌ನ ನಮ್ಮ ನೆರೆಹೊರೆಯಲ್ಲಿ ಎರಡೂ ಪಕ್ಷಗಳಿಗೆ ಮತ ಹಾಕುವವರಿದ್ದಾರೆ. ಬ್ಯಾಂಕುಗಳನ್ನು ಬಯ್ಯುವುದರಲ್ಲಿ ಮಾತ್ರ ಎಲ್ಲರೂ ಒಂದೇ.

ಉತ್ತರ: ನಿಮ್ಮ ಕೊನೆಯ ವಾಕ್ಯದಲ್ಲಿ ಹೇಳಿರುವುದು ಅಮೆರಿಕದ ಇಂದಿನ ರಾಜಕೀಯದ ಒಂದು ದೊಡ್ಡ ಸಂಗತಿ. ಮತದಾರರ ಮಟ್ಟದಲ್ಲಿ ಈ ಸಿಟ್ಟಿಗೆ ಪಕ್ಷವಿಲ್ಲ. 2025ರ ಫೆಬ್ರವರಿಯಲ್ಲಿ ಕಾರ್ಡ್ ಬಡ್ಡಿಗೆ ಶೇಕಡಾ 10ರ ಮಿತಿಯನ್ನು ಐದು ವರ್ಷಗಳ ಕಾಲ ವಿಧಿಸುವ ಮಸೂದೆಯನ್ನು ಸೆನೆಟ್‌ನಲ್ಲಿ ಮಂಡಿಸಿದವರು ಎಡಪಂಥದ ಬರ್ನಿ ಸ್ಯಾಂಡರ್ಸ್ ಮತ್ತು ಬಲಪಂಥದ ರಿಪಬ್ಲಿಕನ್ ಸದಸ್ಯ ಜಾಷ್ ಹಾಲಿ. ಓವರ್‌ಡ್ರಾಫ್ಟ್ ನಿಯಮವನ್ನು ರದ್ದುಪಡಿಸುವ ಗೊತ್ತುವಳಿಯ ವಿರುದ್ಧ ಸೆನೆಟ್‌ನಲ್ಲಿ ಮತ ಹಾಕಿದ ಏಕೈಕ ರಿಪಬ್ಲಿಕನ್ ಕೂಡ ಅದೇ ಹಾಲಿ. ಉಳಿದವರೆಲ್ಲ ಪಕ್ಷದ ಗೆರೆಯನ್ನು ದಾಟಲಿಲ್ಲ.

ರಿಪಬ್ಲಿಕನ್ನರ ವಾದವನ್ನು ನ್ಯಾಯವಾಗಿ ಹೇಳಬೇಕು. ಬೆಲೆ ನಿಗದಿ ಮಾಡುವ ಅಧಿಕಾರ ಸಿಎಫ್‌ಪಿಬಿಗೆ ಇಲ್ಲವೆಂದೂ, 5 ಡಾಲರಿಗೆ ಇಳಿಸಿದರೆ ಬ್ಯಾಂಕುಗಳು ಈ ಸೌಲಭ್ಯವನ್ನೇ ನಿಲ್ಲಿಸುತ್ತವೆಂದೂ, ಆಗ ಬಡವರು ಸಂಬಳದ ಮೇಲೆ ಅಲ್ಪಾವಧಿ ಸಾಲ ಕೊಡುವ, ಇನ್ನೂ ದುಬಾರಿಯಾದ ಅಂಗಡಿಗಳ ಕಡೆಗೆ ಹೋಗಬೇಕಾಗುತ್ತದೆಂದೂ ಅವರು ಹೇಳಿದರು. ಮೊದಲನೆಯ ಅಂಶ ನ್ಯಾಯಾಲಯದಲ್ಲಿ ಚರ್ಚೆಗೆ ಯೋಗ್ಯವಾದದ್ದು. ಎರಡನೆಯದನ್ನು ನಾನು ಒಪ್ಪಲಾರೆ. ಏಕೆಂದರೆ ಯಾವ ಮಿತಿಯೂ ಇಲ್ಲದಿದ್ದಾಗಲೇ, ಸಾರ್ವಜನಿಕ ಒತ್ತಡಕ್ಕೆ ಮಣಿದು, ಕ್ಯಾಪಿಟಲ್ ಒನ್ ಮತ್ತು ಸಿಟಿಬ್ಯಾಂಕ್ ಈ ಶುಲ್ಕವನ್ನು ಪೂರ್ತಿ ಕೈಬಿಟ್ಟವು; ಬ್ಯಾಂಕ್ ಆಫ್ ಅಮೆರಿಕ 2022ರಲ್ಲಿ ಅದನ್ನು 35ರಿಂದ 10 ಡಾಲರಿಗೆ ಇಳಿಸಿತು. ಇಡೀ ಉದ್ಯಮದ ಆದಾಯ 2023ರ ಹೊತ್ತಿಗೆ ಸುಮಾರು 580 ಕೋಟಿ ಡಾಲರಿಗೆ ಕುಸಿಯಿತು. ಈ ಬ್ಯಾಂಕುಗಳಾವುವೂ ಬಡ ಖಾತೆದಾರರನ್ನು ಕೈಬಿಟ್ಟು ಓಡಲಿಲ್ಲ.

ಹಾಗಾದರೆ ಜನರ ಸಿಟ್ಟು ಮತವಾಗಿ ಏಕೆ ಮಾರ್ಪಡಲಿಲ್ಲ? ನಿಯಮವನ್ನು ರದ್ದುಪಡಿಸಲು ಬಳಸಿದ ವಿಧಾನವನ್ನು ನೋಡಿ. 1996ರ ಕಾಂಗ್ರೆಷನಲ್ ರಿವ್ಯೂ ಆ್ಯಕ್ಟ್ ಪ್ರಕಾರ, ಇತ್ತೀಚೆಗೆ ಹೊರಬಂದ ಸರ್ಕಾರಿ ನಿಯಮವನ್ನು ಕಾಂಗ್ರೆಸ್ ಸರಳ ಬಹುಮತದಿಂದ ರದ್ದುಪಡಿಸಬಹುದು; ಸೆನೆಟ್‌ನಲ್ಲಿ ಸಾಮಾನ್ಯವಾಗಿ ಬೇಕಾಗುವ 60 ಮತಗಳ ಅಗತ್ಯ ಇದಕ್ಕಿಲ್ಲ. ಒಮ್ಮೆ ಹೀಗೆ ರದ್ದಾದರೆ, ಹೊಸ ಕಾನೂನು ಬರುವವರೆಗೆ ಅದೇ ಬಗೆಯ ನಿಯಮವನ್ನು ಆ ಸಂಸ್ಥೆ ಮತ್ತೆ ಮಾಡುವಂತಿಲ್ಲ. ಮುಂದೆ ಬೇರೆ ಅಧ್ಯಕ್ಷರು ಬಂದರೂ ಈ ಬಾಗಿಲು ಮುಚ್ಚಿಯೇ ಇರುತ್ತದೆ. ಇಷ್ಟು ದೂರಗಾಮಿಯಾದ ಮತದಾನ ಜನಪ್ರತಿನಿಧಿಗಳ ಸಭೆಯಲ್ಲಿ ನಡೆದ ಏಪ್ರಿಲ್ 9ರಂದೇ ಟ್ರಂಪ್ ತಾವು ಘೋಷಿಸಿದ್ದ ಆಮದು ಸುಂಕಗಳಲ್ಲಿ ಹಲವನ್ನು 90 ದಿನಗಳ ಕಾಲ ತಡೆಹಿಡಿದರು, ಷೇರುಪೇಟೆ ಗಗನಕ್ಕೇರಿತು, ಸುದ್ದಿಯೆಲ್ಲ ಅದರದೇ ಆಯಿತು. ಲಕ್ಷಾಂತರ ಕುಟುಂಬಗಳಿಗೆ ವರ್ಷಕ್ಕೆ ಸರಾಸರಿ 225 ಡಾಲರ್ ಉಳಿಸಬಹುದೆಂದು ಸಿಎಫ್‌ಪಿಬಿ ಅಂದಾಜಿಸಿದ್ದ ನಿಯಮ ಆ ಗದ್ದಲದಲ್ಲಿ ಸದ್ದಿಲ್ಲದೆ ಬಿದ್ದುಹೋಯಿತು. ಇದು ನನಗೆ ಬಹಳ ನೋವಿನ ಸಂಗತಿ.

2026ರ ನವೆಂಬರ್‌ನಲ್ಲಿ ಅಧ್ಯಕ್ಷರ ಅವಧಿಯ ನಡುವೆ ಕಾಂಗ್ರೆಸ್ಸಿಗೆ ನಡೆಯುವ ಮಧ್ಯಂತರ ಚುನಾವಣೆ ಇದೆ. ನಿಮ್ಮ ಕ್ಷೇತ್ರದ ಪ್ರತಿನಿಧಿ 2025ರ ಏಪ್ರಿಲ್ 9ರಂದು ಹೇಗೆ ಮತ ಹಾಕಿದರೆಂಬುದು ಕಾಂಗ್ರೆಸ್ಸಿನ ದಾಖಲೆಯಲ್ಲಿ ಹೆಸರುಸಹಿತ ಇದೆ. ಪ್ರಚಾರದ ಸಭೆಯಲ್ಲಿ ಅವರು ಬ್ಯಾಂಕುಗಳನ್ನು ಬಯ್ದರೆ, ಆ ಮತದ ಬಗ್ಗೆ ನೆರೆಹೊರೆಯವರೆಲ್ಲ ಸೇರಿ ಕೇಳಿ.

ಪ್ರಶ್ನೆ: ಜನರು ಒಟ್ಟಾಗಿ ಪ್ರತಿಭಟಿಸಿದರೆ ದೊಡ್ಡ ಬ್ಯಾಂಕುಗಳು ಮಣಿಯುತ್ತವೆಯೇ? ಅಂತಹ ಉದಾಹರಣೆ ಇದೆಯೇ?

ಉತ್ತರ: ಇದೆ. 2011ರ ಸೆಪ್ಟೆಂಬರ್ ಕೊನೆಯಲ್ಲಿ ಬ್ಯಾಂಕ್ ಆಫ್ ಅಮೆರಿಕ ಡೆಬಿಟ್ ಕಾರ್ಡ್ ಬಳಸಿ ಖರೀದಿ ಮಾಡುವವರಿಂದ ತಿಂಗಳಿಗೆ 5 ಡಾಲರ್ ಪಡೆಯುವುದಾಗಿ ಪ್ರಕಟಿಸಿತು. 2008ರ ಕುಸಿತದಲ್ಲಿ ಬ್ಯಾಂಕುಗಳನ್ನು ಎತ್ತಿ ನಿಲ್ಲಿಸಲು 70,000 ಕೋಟಿ ಡಾಲರುಗಳ ಯೋಜನೆ ಮಂಜೂರಾದದ್ದನ್ನು ಜನ ಮರೆತಿರಲಿಲ್ಲ. ನ್ಯೂಯಾರ್ಕಿನಲ್ಲಿ ದೊಡ್ಡ ಹಣಕಾಸು ಸಂಸ್ಥೆಗಳ ವಿರುದ್ಧದ ಆಕ್ಯುಪೈ ವಾಲ್ ಸ್ಟ್ರೀಟ್ ಚಳವಳಿ ಆಗಷ್ಟೇ ಆರಂಭವಾಗಿತ್ತು. ಸಾಮಾನ್ಯ ಗ್ರಾಹಕಿಯೊಬ್ಬರು ಶುರುಮಾಡಿದ ಆನ್‌ಲೈನ್ ಮನವಿಗೆ ಲಕ್ಷಗಟ್ಟಲೆ ಸಹಿಗಳು ಬಿದ್ದವು. ಇಂತಹುದೇ ಶುಲ್ಕವನ್ನು ಪ್ರಯೋಗಿಸುತ್ತಿದ್ದ ಇತರ ಬ್ಯಾಂಕುಗಳು ಮೊದಲು ಹಿಂದೆ ಸರಿದವು. ನವೆಂಬರ್ 1ರಂದು ಬ್ಯಾಂಕ್ ಆಫ್ ಅಮೆರಿಕವೂ ಯೋಜನೆಯನ್ನು ಕೈಬಿಟ್ಟಿತು. ಇಷ್ಟೆಲ್ಲ ನಡೆದದ್ದು ಸುಮಾರು ಐದು ವಾರಗಳಲ್ಲಿ.

ಆದರೆ ಅದರ ಮುಂದಿನ ಕಥೆಯನ್ನೂ ಹೇಳಬೇಕು. ಡೆಬಿಟ್ ಕಾರ್ಡ್ ವಹಿವಾಟಿಗೆ ವ್ಯಾಪಾರಿಗಳಿಂದ ದೊಡ್ಡ ಬ್ಯಾಂಕುಗಳು ಸರಾಸರಿ 44 ಸೆಂಟ್ ಪಡೆಯುತ್ತಿದ್ದುದನ್ನು, ಸೆನೆಟರ್ ಡರ್ಬಿನ್ ತಂದ ತಿದ್ದುಪಡಿಯ ಮೇರೆಗೆ, 2011ರ ಅಕ್ಟೋಬರ್ 1ರಿಂದ 21 ಸೆಂಟ್ ಮತ್ತು ಮೊತ್ತದ ಶೇಕಡಾ 0.05ಕ್ಕೆ ಮಿತಗೊಳಿಸಲಾಗಿತ್ತು. ಆ ನಷ್ಟವನ್ನು ತುಂಬಿಕೊಳ್ಳಲೆಂದೇ 5 ಡಾಲರಿನ ಯೋಜನೆ ಹುಟ್ಟಿದ್ದು. ಅದು ವಿಫಲವಾದ ಮೇಲೆ ಬ್ಯಾಂಕುಗಳು ಬೇರೆ ದಾರಿ ಹಿಡಿದವು: ಷರತ್ತಿಲ್ಲದ ಉಚಿತ ಖಾತೆಗಳು ಅಪರೂಪವಾದವು, ಕನಿಷ್ಠ ಶಿಲ್ಕಿನ ಮಿತಿ ಏರಿತು, ಅದನ್ನು ಉಳಿಸಿಕೊಳ್ಳಲಾಗದವರ ಮೇಲೆ ಮಾಸಿಕ ನಿರ್ವಹಣಾ ಶುಲ್ಕ ಬಿತ್ತು. ದೊಡ್ಡ ಬ್ಯಾಂಕುಗಳಲ್ಲಿ ಇದು ಈಗ ಸಾಮಾನ್ಯವಾಗಿ 10ರಿಂದ 15 ಡಾಲರ್. ಎಲ್ಲರಿಗೂ ಒಮ್ಮೆಗೇ ತಗಲುವ ಶುಲ್ಕಕ್ಕೆ ಎಲ್ಲರೂ ಎದ್ದು ನಿಂತರು. ಬಡವರಿಗೆ ಮಾತ್ರ ತಗಲುವ ಶುಲ್ಕಕ್ಕೆ ಅಂತಹ ಚಳವಳಿ ಹುಟ್ಟಲಿಲ್ಲ. ಬ್ಯಾಂಕ್ ಖಾತೆಯೇ ಇಲ್ಲದ ಸುಮಾರು 56 ಲಕ್ಷ ಕುಟುಂಬಗಳು ಅಮೆರಿಕದಲ್ಲಿವೆ ಎಂದು ಠೇವಣಿ ವಿಮಾ ನಿಗಮದ 2023ರ ಸಮೀಕ್ಷೆ ಹೇಳುತ್ತದೆ. ಕನಿಷ್ಠ ಶಿಲ್ಕಿಗೆ ಬೇಕಾದಷ್ಟು ಹಣವಿಲ್ಲ ಎಂಬುದು ಅವರು ಕೊಟ್ಟ ಕಾರಣಗಳಲ್ಲಿ ಮೊದಲನೆಯದು.

ಪ್ರಶ್ನೆ: ಮಗಳು ಓದಲು ಅಮೆರಿಕಕ್ಕೆ ಹೊರಟಿದ್ದಾಳೆ. ಎಂತಹ ಖಾತೆ ತೆರೆಯಬೇಕು?

ಉತ್ತರ: ವಿದ್ಯಾರ್ಥಿಗಳಿಗೆ ಮಾಸಿಕ ಶುಲ್ಕವನ್ನು ಮನ್ನಾ ಮಾಡುವ ಖಾತೆಗಳು ಅನೇಕ ಬ್ಯಾಂಕುಗಳಲ್ಲಿವೆ, ಆ ಮನ್ನಾ ಯಾವ ವಯಸ್ಸಿಗೆ ಮುಗಿಯುತ್ತದೆಂದು ಕೇಳಿ ಬರೆದಿಟ್ಟುಕೊಳ್ಳಲಿ. ಕಡಿಮೆ ಶುಲ್ಕದ ಸುರಕ್ಷಿತ ಖಾತೆಗಳಿಗೆ ಕೊಡುವ ‘ಬ್ಯಾಂಕ್ ಆನ್’ ಮಾನ್ಯತೆ ಪಡೆದ ಖಾತೆಗಳಲ್ಲಿ ಓವರ್‌ಡ್ರಾಫ್ಟ್ ಶುಲ್ಕವೇ ಇರುವುದಿಲ್ಲ. ವಿಶ್ವವಿದ್ಯಾಲಯದ ಕ್ರೆಡಿಟ್ ಯೂನಿಯನ್ ಇದ್ದರೆ ಅದನ್ನೂ ವಿಚಾರಿಸಲಿ. ಅವು ಸದಸ್ಯರೇ ಒಡೆಯರಾಗಿರುವ, ಲಾಭದ ಉದ್ದೇಶವಿಲ್ಲದ ಸಹಕಾರಿ ಸಂಸ್ಥೆಗಳು. ಒಕ್ಕೂಟ ಸರ್ಕಾರದ ವಿಮೆಯಿರುವ ಕಡೆ ಬ್ಯಾಂಕುಗಳಂತೆಯೇ 2,50,000 ಡಾಲರುಗಳವರೆಗಿನ ಠೇವಣಿ ಸುರಕ್ಷಿತ. ಬೇರೆ ಬ್ಯಾಂಕಿನ ಎಟಿಎಂ ಬಳಸಿದರೆ ಎರಡೂ ಕಡೆಯಿಂದ ಶುಲ್ಕ ಬೀಳಬಹುದೆಂದು ಅವಳಿಗೆ ತಿಳಿಸಿ.

ಪ್ರಶ್ನೆ: ಸಿಎಫ್‌ಪಿಬಿಯನ್ನು ಮುಚ್ಚಿದರೆಂದು ಕೇಳಿದೆ. ಇನ್ನು ದೂರು ಕೊಡುವುದು ಯಾರಿಗೆ?

ಉತ್ತರ: ಮುಚ್ಚಿಲ್ಲ, ಆದರೆ ಬಹಳ ದುರ್ಬಲಗೊಳಿಸಿದ್ದಾರೆ. ಹಣಕಾಸು ವಲಯದ ಸುಧಾರಣೆಗೆ ತಂದ 2010ರ ಡಾಡ್–ಫ್ರ್ಯಾಂಕ್ ಕಾನೂನಿನಿಂದ ಹುಟ್ಟಿ 2011ರ ಜುಲೈನಲ್ಲಿ ಕೆಲಸ ಆರಂಭಿಸಿದ ಈ ಸಂಸ್ಥೆಗೆ ಹಣ ಬರುವುದು ಫೆಡರಲ್ ರಿಸರ್ವ್‌ನಿಂದ. ಈ ವ್ಯವಸ್ಥೆ ಸಂವಿಧಾನಬದ್ಧವೆಂದು ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ 7–2ರ ಬಹುಮತದಿಂದ ಹೇಳಿತು; ತೀರ್ಪನ್ನು ಬರೆದವರು ಸಂಪ್ರದಾಯವಾದಿ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್. ಆದರೂ 2025ರ ಫೆಬ್ರವರಿಯಲ್ಲಿ ನಿರ್ದೇಶಕ ರೋಹಿತ್ ಚೋಪ್ರಾ ಅವರನ್ನು ತೆಗೆದುಹಾಕಲಾಯಿತು. ಅದೇ ತಿಂಗಳು ಹಂಗಾಮಿ ನಿರ್ದೇಶಕರಾದ ರಸೆಲ್ ವಾಟ್ ಬಹುತೇಕ ಕೆಲಸವನ್ನು ನಿಲ್ಲಿಸುವಂತೆ ಸಿಬ್ಬಂದಿಗೆ ಆದೇಶಿಸಿದರು. ಸಿಬ್ಬಂದಿ ಕಡಿತದ ವಿಷಯ ನ್ಯಾಯಾಲಯದ ಮೆಟ್ಟಿಲೇರಿತು. ಜುಲೈನಲ್ಲಿ ಅಂಗೀಕಾರವಾದ ದೊಡ್ಡ ತೆರಿಗೆ ಮತ್ತು ವೆಚ್ಚದ ಕಾನೂನು ಸಂಸ್ಥೆಯ ಅನುದಾನದ ಗರಿಷ್ಠ ಮಿತಿಯನ್ನು ಫೆಡರಲ್ ರಿಸರ್ವ್‌ನ 2009ರ ನಿರ್ವಹಣಾ ವೆಚ್ಚದ ಶೇಕಡಾ 12ರಿಂದ 6.5ಕ್ಕೆ ಇಳಿಸಿತು. 2016ರಲ್ಲಿ ಗ್ರಾಹಕರ ಅರಿವಿಲ್ಲದೆ ಖಾತೆಗಳನ್ನು ತೆರೆದ ಪ್ರಕರಣದಲ್ಲಿ ವೆಲ್ಸ್ ಫಾರ್ಗೋ ಮೇಲೆ 10 ಕೋಟಿ ಡಾಲರ್ ದಂಡ ಹೇರಿದ್ದು ಇದೇ ಸಂಸ್ಥೆಯೆಂಬುದನ್ನು ನೆನೆದರೆ, ಕಳೆದುಹೋಗುತ್ತಿರುವುದು ಎಷ್ಟೆಂದು ತಿಳಿಯುತ್ತದೆ.

ದೂರನ್ನು ಮೊದಲು ಬ್ಯಾಂಕಿಗೇ ಲಿಖಿತವಾಗಿ ಕೊಡಿ, ಪ್ರತಿಯನ್ನು ಇಟ್ಟುಕೊಳ್ಳಿ. ಬಗೆಹರಿಯದಿದ್ದರೆ ಸಿಎಫ್‌ಪಿಬಿಯ ದೂರು ವಿಭಾಗಕ್ಕೆ ಕಳುಹಿಸಿ; ಅಲ್ಲಿಂದ ಬಂದ ದೂರಿಗೆ ಬ್ಯಾಂಕು ಸಾಮಾನ್ಯವಾಗಿ 15 ದಿನಗಳಲ್ಲಿ ಪ್ರತಿಕ್ರಿಯಿಸಬೇಕಾಗುತ್ತದೆ. ಬ್ಯಾಂಕಿನ ಹೆಸರಿನಲ್ಲಿ ‘ನ್ಯಾಷನಲ್’ ಅಥವಾ ‘ಎನ್.ಎ.’ ಎಂದಿದ್ದರೆ ಅದರ ಮೇಲ್ವಿಚಾರಣೆ ಓಸಿಸಿ ಎಂಬ ನಿಯಂತ್ರಕ ಕಚೇರಿಯದ್ದು. ಅಲ್ಲಿಗೂ ದೂರು ಸಲ್ಲಿಸಬಹುದು. ಇವೆರಡರ ಜೊತೆಗೆ ನಿಮ್ಮ ರಾಜ್ಯದ ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೂ ಒಂದು ಪ್ರತಿ ಹೋಗಲಿ.