ಮುನ್ನೂರು ಯೆನ್ ವಾಪಸ್ ಬಂದ ಕಥೆ

ಓದುಗರೊಬ್ಬರ ಪತ್ರ, ಸ್ವಲ್ಪ ಚಿಕ್ಕದು ಮಾಡಿ:

‘ನಾವಿಬ್ಬರೂ ಒಂಬತ್ತು ದಿನ ಜಪಾನ್ ಪ್ರವಾಸಕ್ಕೆ ಹೋಗಿದ್ದೆವು. ಮೊದಲೆರಡು ದಿನ ಟೋಕಿಯೊ ನೋಡಿ ಖುಷಿಯೋ ಖುಷಿ. ಮೂರನೇ ದಿನ ಊಟ ಮುಗಿಸಿ ಮೇಜಿನ ಮೇಲೆ ಮುನ್ನೂರು ಯೆನ್ ಟಿಪ್ಸ್ ಇಟ್ಟು ಬಂದೆ. ಹೋಟೆಲಿನ ಹುಡುಗ ಬೀದಿವರೆಗೂ ಓಡಿ ಬಂದು ಅದನ್ನು ವಾಪಸ್ ಕೊಟ್ಟ. ಕೆನ್ನೆಗೆ ಹೊಡೆದ ಹಾಗಾಯಿತು. ಸಂಜೆ ರೈಲಿನಲ್ಲಿ ಮಗಳ ಫೋನ್ ಬಂತು, ಮಾತಾಡಿದೆ. ಯಾರೂ ಏನೂ ಅನ್ನಲಿಲ್ಲ. ಆದರೆ ಇಡೀ ಬೋಗಿಯಲ್ಲಿ ನನ್ನದೊಂದೇ ದನಿ! ನಾಲ್ಕನೇ ದಿನ ರೂಮಿನಿಂದ ಹೊರಗೆ ಕಾಲಿಡಲಿಲ್ಲ. ಸುಮ್ನೆ ಅಳು ಬರುತ್ತಿತ್ತು. “ಇಷ್ಟು ದುಡ್ಡು ಸುರಿದು ಅಳೋಕೆ ಬಂದ್ಯಾ” ಎಂದು ಯಜಮಾನರು ಇವತ್ತಿಗೂ ರೇಗಿಸುತ್ತಾರೆ. ನಾನು ಪ್ರವಾಸಕ್ಕೆ ಲಾಯಕ್ಕಿಲ್ಲದವಳಾ?’

ಸಂಪಾದಕರ ಉತ್ತರ:

ಹೆಸರು ಹಾಕಬೇಡಿ ಎಂದಿದ್ದೀರಿ, ಹಾಕಿಲ್ಲ. ಈ ಪುಟವನ್ನು ಯಜಮಾನರ ಕಣ್ಣಿಗೆ ಬೀಳುವ ಕಡೆ ಇಡಿ.

ನಿಮಗೆ ಆದದ್ದಕ್ಕೆ ಹಳೆಯ ಹೆಸರೇ ಇದೆ, ಕಲ್ಚರ್ ಶಾಕ್. ಈ ಮಾತನ್ನು ಜನರ ಬಾಯಿಗೆ ತಂದವರು ಮಾನವಶಾಸ್ತ್ರಜ್ಞ ಕಾಲೆರ್ವೊ ಓಬರ್ಗ್. 1954ರಲ್ಲಿ ಬ್ರೆಜಿಲ್ಲಿನ ರಿಯೊ ಡಿ ಜನೈರೊದ ಒಂದು ಮಹಿಳಾ ಕ್ಲಬ್ಬಿನಲ್ಲಿ ಅವರು ಈ ಬಗ್ಗೆ ಮಾತಾಡಿದರು. ಅಲ್ಲಿ ಅವರು ಕೊಟ್ಟ ಲಕ್ಷಣಗಳು ಹೀಗಿದ್ದವು: ಮತ್ತೆ ಮತ್ತೆ ಕೈ ತೊಳೆಯುವುದು. ಕುಡಿಯುವ ನೀರು, ತಟ್ಟೆ, ಹಾಸಿಗೆ ಎಲ್ಲದರ ಮೇಲೂ ಅನುಮಾನ. ಎಲ್ಲರೂ ನಮಗೆ ಮೋಸ ಮಾಡುತ್ತಿದ್ದಾರೆ ಎನ್ನುವ ಭಯ. ಸಣ್ಣದಕ್ಕೂ ಸಿಟ್ಟು. ಎಲ್ಲೋ ನೋಡುತ್ತಾ ಕೂತುಬಿಡುವುದು. ಮನೆಗೆ ಹೋದರೆ ಸಾಕಪ್ಪಾ ಎನ್ನುವ ಹಂಬಲ. ಇದರಲ್ಲಿ ನಿಮ್ಮದು ಎಷ್ಟು ಅಂತ ನೀವೇ ಲೆಕ್ಕ ಹಾಕಿ.

ಕಾರಣವನ್ನೂ ಅವರು ಹೇಳಿದ್ದಾರೆ. ದಿನವಿಡೀ ನಾವು ಯೋಚನೆಯೇ ಮಾಡದೆ ನೂರಾರು ಸಣ್ಣ ತೀರ್ಮಾನ ತೆಗೆದುಕೊಳ್ಳುತ್ತಿರುತ್ತೇವೆ. ಯಾರಿಗೆ ಕೈ ಕುಲುಕಬೇಕು, ಎದುರಿಗೆ ಸಿಕ್ಕವರಿಗೆ ಏನು ಹೇಳಬೇಕು, ಟಿಪ್ಸ್ ಯಾವಾಗ ಕೊಡಬೇಕು. ಹೌದು, ಟಿಪ್ಸ್ ಅವರ ಪಟ್ಟಿಯಲ್ಲೇ ಇದೆ! ಬೇರೆ ದೇಶಕ್ಕೆ ಕಾಲಿಟ್ಟ ಕೂಡಲೇ ಇವೆಲ್ಲ ಒಟ್ಟಿಗೆ ಕೈಕೊಡುತ್ತವೆ. ಬೆಳಿಗ್ಗೆಯಿಂದ ಪ್ರತಿಯೊಂದನ್ನೂ ಯೋಚಿಸಿ ಮಾಡಬೇಕು. ಸಂಜೆ ಹೊತ್ತಿಗೆ ಕಾಲಿಗಿಂತ ತಲೆ ಜಾಸ್ತಿ ಸುಸ್ತಾಗಿರುತ್ತದೆ. ಗೋಪುರ, ದೇವಸ್ಥಾನ, ಬುಲೆಟ್ ರೈಲು ನೋಡಿ ಯಾರೂ ಅಳುವುದಿಲ್ಲ, ಏಕೆಂದರೆ ಅವು ಬೇರೆ ಥರ ಇರುತ್ತವೆ ಎಂದು ಗೊತ್ತಿದ್ದೇ ಹೋಗಿರುತ್ತೇವೆ. ಅಳಿಸುವುದು ಚಿಲ್ಲರೆ ಕಾಸು.

ಒಂದು ವಿಷಯದಲ್ಲಿ ಮಾತ್ರ ಓಬರ್ಗ್ ಜೊತೆ ನನಗೆ ತಕರಾರಿದೆ. ಮೊದಲು ಎಲ್ಲವೂ ಚೆನ್ನ ಎನಿಸುವ ‘ಹನಿಮೂನ್’ ಹಂತ, ಆಮೇಲೆ ಸಿಟ್ಟಿನ ಹಂತ, ನಿಧಾನವಾಗಿ ಹೊಂದಾಣಿಕೆ ಎಂದರು ಅವರು. ಬೇಗ ಊರಿಗೆ ಮರಳುವವರು ಹನಿಮೂನಿನಲ್ಲೇ ಇದ್ದು, ಬೇಕಿದ್ದರೆ ಒಂದು ಪುಸ್ತಕವನ್ನೂ ಬರೆದಾರು ಎಂದು ಕಿಚಾಯಿಸಿದ್ದಾರೆ. ಈಗಿನ ಪ್ರವಾಸಿಗಳ ಪಾಡು ಹಾಗಿಲ್ಲ. ಒಂಬತ್ತು ದಿನದಲ್ಲಿ ನಾಲ್ಕು ನಗರ. ಟಿಕೆಟ್ ಮಷಿನ್, ರೈಲು, ರೂಮು ಎಲ್ಲದರ ಜೊತೆ ನಾವೇ ಗುದ್ದಾಡಬೇಕು. ಎರಡೇ ದಿನಕ್ಕೆ ಹನಿಮೂನ್ ಮುಗಿಯುತ್ತದೆ. ಹೊಂದಿಕೊಳ್ಳುವಷ್ಟರಲ್ಲಿ ವಾಪಸ್ ವಿಮಾನ. ನಡುವಿನ ಸಿಟ್ಟಿನ ಹಂತವಷ್ಟೇ ಪಾಲಿಗೆ ಬರುತ್ತದೆ.

ಇನ್ನು ಆ ಹುಡುಗ. ಜಪಾನಿನಲ್ಲಿ ಟಿಪ್ಸ್ ಕೊಡುವ ರೂಢಿ ಇಲ್ಲ. ಒಳ್ಳೆಯ ಸೇವೆ ಬಿಲ್ಲಿನೊಳಗೇ ಸೇರಿದೆ ಎನ್ನುವುದು ಅಲ್ಲಿನ ಲೆಕ್ಕ. ಮೇಜಿನ ಮೇಲೆ ನಾಣ್ಯ ಕಂಡಾಗ ಅವನಿಗೆ ಹೊಳೆದದ್ದು ‘ಅಯ್ಯೋ, ಪಾಪ, ಮರೆತು ಹೋಗಿದ್ದಾರೆ’ ಅಂತ ಇರಬೇಕು. ಅದಕ್ಕೇ ಓಡಿ ಬಂದ. ನೀವು ಕೊಟ್ಟದ್ದೂ ಮರ್ಯಾದೆ, ಅವನು ತಂದದ್ದೂ ಮರ್ಯಾದೆ. ರೈಲಿನ ವಿಷಯದಲ್ಲಿ ಮಾತ್ರ ತಪ್ಪು ನಿಮ್ಮದೇ. ಅಲ್ಲಿನ ರೈಲುಗಳಲ್ಲಿ ಫೋನ್ ಸದ್ದು ಮಾಡಬಾರದು, ಕರೆಯಲ್ಲಿ ಮಾತಾಡಬಾರದು ಎಂದು ಫಲಕವನ್ನೇ ಹಾಕಿರುತ್ತಾರೆ. ಇರಲಿ, ಮುಂದಿನ ಸ್ಟೇಷನ್ನಿನಲ್ಲಿ ನಿಮ್ಮನ್ನು ಯಾರೂ ಇಳಿಸಲಿಲ್ಲ, ಅಲ್ವಾ?

ನನ್ನದೂ ಒಂದಿದೆ. ಪ್ಯಾರಿಸ್ಸಿನ ಒಂದು ಬೇಕರಿ. ಸೀದಾ ಒಳಗೆ ಹೋಗಿ ಒಂದು ಬ್ರೆಡ್ ತೋರಿಸಿ ‘ಎಷ್ಟು’ ಎಂದು ಇಂಗ್ಲಿಷಿನಲ್ಲಿ ಕೇಳಿದೆ. ಕೌಂಟರಿನಾಕೆ ನನ್ನನ್ನೇ ನೋಡಿ ‘ಬೋಂಜೂರ್’ ಎಂದಳು. ಕೇಳಿಸಲಿಲ್ಲವೇನೋ ಎಂದು ಇನ್ನೂ ಜೋರಾಗಿ ‘ಎಷ್ಟು’ ಎಂದೆ. ಆಕೆ ಇನ್ನೂ ನಿಧಾನವಾಗಿ, ಬಿಡಿಸಿ ಬಿಡಿಸಿ ‘ಬೋಂ... ಜೂರ್’. ಹಿಂದೆ ನಿಂತ ಮುದುಕರೊಬ್ಬರು ಕೆಮ್ಮಿದರು. ಬ್ರೆಡ್ ಬಿಟ್ಟು ಹೊರಗೆ ಬಂದೆ. ದಾರಿಯುದ್ದಕ್ಕೂ ಇಡೀ ಫ್ರಾನ್ಸಿಗೆ ಬೈದುಕೊಂಡೆ. ಅಲ್ಲಿ ಅಂಗಡಿಗೆ ಕಾಲಿಟ್ಟರೆ ಮೊದಲು ನಮಸ್ಕಾರ, ಆಮೇಲೆ ವ್ಯಾಪಾರ ಎಂದು ಗೊತ್ತಾದದ್ದು ಎರಡು ದಿನ ಬಿಟ್ಟು. ಹೇಳದೆ ಒಳಗೆ ನುಗ್ಗಿದವನು ನಾನು, ಒರಟರು ಅವರು ಎಂದು ತೀರ್ಪು ಕೊಟ್ಟವನೂ ನಾನೇ.

ಇದೇ ಪ್ಯಾರಿಸ್ಸಿಗೆ ಬಂದು ಕುಸಿದುಹೋದ ಜಪಾನಿ ಪ್ರವಾಸಿಗಳೂ ಇದ್ದಾರೆ. ಅಲ್ಲೇ ಕೆಲಸ ಮಾಡುತ್ತಿದ್ದ ಜಪಾನಿನ ಮನೋವೈದ್ಯ ಹಿರೋಆಕಿ ಓಟಾ 1980ರ ದಶಕದಲ್ಲಿ ಇಂಥವರನ್ನು ಗಮನಿಸಿದರು. ಅದಕ್ಕೆ ‘ಪ್ಯಾರಿಸ್ ಸಿಂಡ್ರೋಮ್’ ಎಂದೇ ಹೆಸರಾಯಿತು. ಅಂಥ ಪ್ರಕರಣ ತೀರಾ ಅಪರೂಪ, ನಿಜ. ಆದರೂ ನಿಮ್ಮನ್ನು ಅಳಿಸಿದ ದೇಶದವರೇ ಬೇರೆ ಕಡೆ ಹೋಗಿ ಅಳುತ್ತಾರೆ ಎನ್ನುವುದನ್ನು ಯಜಮಾನರಿಗೆ ಓದಿ ಹೇಳಿ.

ಇಷ್ಟು ಹೇಳಿದೆ ಎಂದು ಎಲ್ಲದಕ್ಕೂ ‘ಅವರ ಸಂಸ್ಕೃತಿ ಹಾಗೆ’ ಎಂದು ತಲೆಯಾಡಿಸಬೇಕಿಲ್ಲ. ಮೈಬಣ್ಣ ನೋಡಿ ಯಾರಾದರೂ ಕೀಳಾಗಿ ಕಂಡರೆ ಅದು ಕೀಳು ನಡತೆಯೇ. ಎಷ್ಟೋ ಸಲ ಕಲ್ಚರ್ ಶಾಕ್ ಎಂದು ನಾವು ಕರೆಯುವುದು ಬರೀ ನಿದ್ದೆಗೇಡು ಮತ್ತು ಹಸಿವು ಕೂಡ.

ಮುಂದಿನ ಸಲ ನೋಡಬೇಕಾದ ಜಾಗಗಳ ಪಟ್ಟಿ ಅರ್ಧ ಮಾಡಿ. ಹೊರಡುವ ಮುಂಚೆ ದುಡ್ಡು ಹೇಗೆ ಕೊಡುತ್ತಾರೆ, ಸಾಲಿನಲ್ಲಿ ಹೇಗೆ ನಿಲ್ಲುತ್ತಾರೆ, ಶೌಚಾಲಯ ಹೇಗೆ ಎನ್ನುವುದನ್ನು ಓದಿಕೊಳ್ಳಿ. ಅರಮನೆಯ ಇತಿಹಾಸ ಅಲ್ಲೇ ಬೋರ್ಡಿನಲ್ಲಿ ಇರುತ್ತದೆ. ಹೋದಲ್ಲಿ ದಿನಾ ಬೆಳಿಗ್ಗೆ ಒಂದೇ ಅಂಗಡಿಗೆ ಹೋಗಿ, ಅದೇ ವಸ್ತು ಕೊಳ್ಳಿ. ಮೂರನೇ ದಿನ ಅಂಗಡಿಯವರು ನಿಮ್ಮ ಗುರುತು ಹಿಡಿಯಬಹುದು. ಬೇಕರಿಯಲ್ಲಿ ನನಗೆ ಹಾಗೇ ಆಯಿತು. ಬಾಗಿಲಲ್ಲೇ ಬೋಂಜೂರ್ ಅಂದೆ, ಆಕೆ ನಕ್ಕಳು, ಬ್ರೆಡ್ ಸಿಕ್ಕಿತು.

ನಾಲ್ಕನೇ ದಿನ ರೂಮಿನಲ್ಲಿ ಉಳಿದದ್ದಕ್ಕೆ ಬೇಜಾರು ಬೇಡ. ಐದನೇ ದಿನ ಎದ್ದು ಕ್ಯೋಟೊಗೆ ಹೊರಟೆ ಎಂದು ಪತ್ರದ ಕೊನೆಯಲ್ಲಿ ನೀವೇ ಬರೆದಿದ್ದೀರಿ. ಬಹುಶಃ ಆ ಒಂದು ದಿನದ ವಿಶ್ರಾಂತಿಯೇ ಹೊರಡಿಸಿತು. ಅಂದಹಾಗೆ, ವಾಪಸ್ ಬಂದ ಆ ಮುನ್ನೂರು ಯೆನ್ ಏನಾಯಿತು? ಅದೊಂದನ್ನು ಬರೆಯಲೇ ಇಲ್ಲ.