ವಂಶವೃಕ್ಷದ ಸೈಟಿಗೆ ಮತ್ತೆ ದುಡ್ಡು ಕಟ್ಟುವ ಮೊದಲು

ದಾವಣಗೆರೆಯ ಓದುಗರೊಬ್ಬರ ಪತ್ರ: "ಅಮೆರಿಕದಲ್ಲಿರುವ ಮಗ, ವಂಶದ ದಾಖಲೆ ಹುಡುಕಿಕೊಡುವ ಒಂದು ಸೈಟಿಗೆ ದುಡ್ಡು ಕಟ್ಟಿದ. ನಮ್ಮ ಮನೆತನವನ್ನು 1600ರವರೆಗೆ ತೋರಿಸುವ ವಂಶವೃಕ್ಷ ಬಂತು. ಭಾರತದ ಜನಗಣತಿಯಿಂದ ತೆಗೆದದ್ದು ಅಂತ ಬರೆದಿದ್ದಾರೆ. ಇನ್ನೂ ಹಿಂದಕ್ಕೆ ಹೋಗಲು ಮತ್ತೆ ಹಣ ಕೇಳುತ್ತಿದ್ದಾರೆ. ನಂಬಬಹುದೇ? ಇಂಥ ಸೈಟ್‌ಗಳೆಲ್ಲ ಮೋಸವೇ?"

ನಂಬಬೇಡಿ. ಮತ್ತೆ ಕಟ್ಟಲೂ ಬೇಡಿ. ಇಷ್ಟು ಖಚಿತವಾಗಿ ಹೇಳಲು ಆ ಜನಗಣತಿಯ ಮಾತೊಂದೇ ಸಾಕು. ಗಣತಿಯವರು ಮನೆಮನೆಗೆ ಬಂದು ಬರೆದುಕೊಂಡ ಹೆಸರುಗಳನ್ನು ನಮ್ಮ ದೇಶದಲ್ಲಿ ಯಾರಿಗೂ ತೋರಿಸುವಂತಿಲ್ಲ, 1948ರ ಜನಗಣತಿ ಕಾಯ್ದೆಯ 15ನೇ ಸೆಕ್ಷನ್ ಹಾಗೆ ಹೇಳುತ್ತದೆ. ಅದೂ ಅಲ್ಲದೆ ದೇಶದ ಮೊದಲ ಗಣತಿ ನಡೆದದ್ದೇ 1872ರಲ್ಲಿ. 1600ರ ಹೆಸರು ಅದರಲ್ಲಿ ಎಲ್ಲಿಂದ ಬಂತು?

ಆದರೆ ಎಲ್ಲ ಸೈಟ್‌ಗಳೂ ಮೋಸವಲ್ಲ. ಫ್ಯಾಮಿಲಿಸರ್ಚ್ ಇದೆ, ಅಮೆರಿಕದ ಮಾರ್ಮನ್ ಚರ್ಚಿನವರು ನಡೆಸುವುದು, ಪೂರ್ತಿ ಉಚಿತ. ಆನ್ಸೆಸ್ಟ್ರಿ, ಫೈಂಡ್‌ಮೈಪಾಸ್ಟ್ ದುಡ್ಡು ತೆಗೆದುಕೊಳ್ಳುತ್ತವೆ, ನಿಜವಾದ ದಾಖಲೆಗಳನ್ನೇ ತೋರಿಸುತ್ತವೆ. ಅಮೆರಿಕದಲ್ಲಿ 72 ವರ್ಷ ಕಳೆದ ಮೇಲೆ ಗಣತಿಯ ಹಾಳೆಗಳನ್ನು ಜನರಿಗೆ ಬಿಡುತ್ತಾರೆ, 1950ರದ್ದು 2022ರಲ್ಲಿ ಬಂತು. ಹಾಗಾಗಿ ಅಲ್ಲಿನವರಿಗೆ ಮುತ್ತಜ್ಜನ ಮನೆ ವಿಳಾಸವೂ ಸಿಗುತ್ತದೆ. ನಮ್ಮವರ ವಿಷಯದಲ್ಲಿ ಈ ಸೈಟ್‌ಗಳ ಹತ್ತಿರ ಇರುವುದು ಬಹಳ ಕಡಿಮೆ. ಬ್ರಿಟಿಷರ ಕಾಲದ ಚರ್ಚ್ ಪುಸ್ತಕಗಳಿವೆ, ಹರಿದ್ವಾರದ ಪಂಡಾಗಳು, ಅಂದರೆ ಅಲ್ಲಿನ ತೀರ್ಥಪುರೋಹಿತರು, ಯಾತ್ರಿಕರ ಮನೆತನದ ಹೆಸರು ಬರೆದಿಟ್ಟ ಬಹಿ ಎಂಬ ಪುಸ್ತಕಗಳ ಚಿತ್ರಗಳಿವೆ. ದಾವಣಗೆರೆಯ ರೈತ ಮನೆತನವೊಂದನ್ನು ಅವುಗಳಲ್ಲಿ ಹುಡುಕಿ ಏನು ಸಿಕ್ಕೀತು?

ಒಳ್ಳೆಯ ಸೈಟ್‌ಗಳಲ್ಲೂ ಒಂದು ತೊಂದರೆ ಇದೆ, ಅಲ್ಲಿರುವ ಎಷ್ಟೋ ವಂಶವೃಕ್ಷಗಳನ್ನು ನಮ್ಮನಿಮ್ಮಂಥ ಬಳಕೆದಾರರೇ ತುಂಬಿದ್ದು, ಒಬ್ಬರದ್ದನ್ನು ನೋಡಿ ಇನ್ನೊಬ್ಬರು ಹಾಗೇ ಇಳಿಸಿಕೊಂಡದ್ದು. ನೂರು ವರ್ಷದ ಹಿಂದೆ ಗುಸ್ಟಾವ್ ಆಂಜು ಎಂಬಾತ ಅಮೆರಿಕದ ಶ್ರೀಮಂತರಿಗೆ ಸುಳ್ಳು ವಂಶಾವಳಿ ಬರೆದುಕೊಟ್ಟು ಸಾವಿರಾರು ಡಾಲರ್ ಗಳಿಸಿದ. ಅಲ್ಲಿನ ವಂಶಾವಳಿ ಸಂಶೋಧಕರು ಅವನು ಬರೆದ ಮನೆತನಗಳ ಬಗ್ಗೆ ಇವತ್ತಿಗೂ ಎಚ್ಚರಿಸುತ್ತಾರೆ. ಆದ್ದರಿಂದ ಯಾರೇ ಆಗಲಿ, ಮೂಲ ದಾಖಲೆಯ ಪುಟ ತೋರಿಸಿ ಅಂತ ಕೇಳಿ. ಯಾವ ಊರಿನ, ಯಾವ ವರ್ಷದ, ಈಗ ಎಲ್ಲಿರುವ ಪುಸ್ತಕ? ಇದಕ್ಕೆ ಉತ್ತರ ಬಾರದಿದ್ದರೆ ಅಲ್ಲಿಗೇ ಬಿಡಿ.

ಇನ್ನು, ನಿಮ್ಮ ಮನೆಗೆ ಹೆಳವರು ಬರುತ್ತಿದ್ದರಾ? ಎತ್ತಿನ ಮೇಲೆ ಗಂಟೆ ಬಾರಿಸುತ್ತ ಬಂದು, ಮೂಲಪುರುಷನಿಂದ ಹಿಡಿದು ಹೆಸರು ಹೇಳಿ, ಎಲ್ಲಿಂದ ಎಲ್ಲಿಗೆ ವಲಸೆ ಬಂದಿರಿ ಅಂತ ತಿಳಿಸಿ, ಹೊಸದಾಗಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಂಡು, ದವಸ ಪಡೆದು ಹೋಗುತ್ತಿದ್ದವರು. ನಿಮ್ಮ ಕಡೆಯ ಎಷ್ಟೋ ಲಿಂಗಾಯತ, ಕುರುಬ ಮನೆತನಗಳಿಗೆ ಗೊತ್ತುಪಡಿಸಿದ ಹೆಳವರ ಮನೆಗಳಿವೆ. ಅವರ ಪುಸ್ತಕದಲ್ಲಿ ತಪ್ಪೇ ಇಲ್ಲ ಅಂತಲ್ಲ. ಆದರೆ ಯಾರು, ಯಾವ ಬಾಗಿಲಿಗೆ ಬಂದು ಬರೆದುಕೊಂಡರು ಎಂದಾದರೂ ಅಲ್ಲಿ ಗೊತ್ತಾಗುತ್ತದೆ. ಊರಿನ ಹಿರಿಯರನ್ನು ವಿಚಾರಿಸಿ, ಆ ಮನೆಯವರನ್ನು ಹುಡುಕಿ, ಒಪ್ಪಿಗೆ ಕೇಳಿ ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಕಸುಬು ಬಿಟ್ಟವರು ಜಾಸ್ತಿ ಆಗಿದ್ದಾರೆ, ತಡ ಮಾಡಿದರೆ ಇದೂ ಸಿಗುವುದಿಲ್ಲ. ನನಗೆ ಸಂಕಟವಾಗುವುದು ಇದಕ್ಕೇ.

ತಾಲ್ಲೂಕು ಕಚೇರಿಯ ಹಳೆ ಮ್ಯುಟೇಷನ್ ರಿಜಿಸ್ಟರ್ ಕೂಡ ನೋಡಿ. ಪೌತಿ ಖಾತೆ ಆದಾಗಲೆಲ್ಲ ತೀರಿಕೊಂಡವರು ಯಾರು, ವಾರಸುದಾರರು ಯಾರು ಅಂತ ಅಲ್ಲಿ ಬರೆದಿರುತ್ತಾರೆ. ಆಸ್ತಿ ವಿಷಯಕ್ಕೆ ಕಚೇರಿಯವರು ಕೇಳುವುದು ನಾಡಕಚೇರಿಯ ವಂಶವೃಕ್ಷ ಪತ್ರ, ಸೈಟಿನವರು ಕಳಿಸಿದ ಬಣ್ಣದ ಹಾಳೆಗೆ ಅಲ್ಲಿ ಬೆಲೆ ಇಲ್ಲ.

ಮಗನಿಗೆ ಇವತ್ತೇ ಫೋನ್ ಮಾಡಿ, ಕಾರ್ಡಿನಿಂದ ತಾನಾಗಿಯೇ ದುಡ್ಡು ಹೋಗುವಂತೆ ಇಟ್ಟಿದ್ದರೆ ನಿಲ್ಲಿಸಲು ಹೇಳಿ. ಅಲ್ಲಿನ ಕ್ರೆಡಿಟ್ ಕಾರ್ಡಾದರೆ, ಬಿಲ್ ಕಳಿಸಿದ 60 ದಿನದೊಳಗೆ ಬ್ಯಾಂಕಿಗೆ ಬರೆದು ತಕರಾರು ಹಾಕಬಹುದು. ಜನಗಣತಿಯ ಆ ಸುಳ್ಳನ್ನೇ ಅದರಲ್ಲಿ ಮೊದಲು ಬರೆಯಲಿ.