ಚಾರ್ಲಟ್‌ನಲ್ಲಿ ಮನೆ ಮುಂದೆ ಅಡಿಕೆಯಂಥ ಮರ ಬೆಳೆಸಬಹುದಾ? ಇಲ್ಲಿನ ಚಳಿಗೆ ಯಾವ ಪಾಮ್ ತಡೆಯುತ್ತದೆ?

ಅಮೆರಿಕದ ನಾರ್ತ್ ಕ್ಯಾರೊಲಿನಾದ ಚಾರ್ಲಟ್‌ನಲ್ಲಿ ಹೊಸ ಮನೆ ತೆಗೆದುಕೊಂಡಿದ್ದೀರಿ. ಅಂಗಳದಲ್ಲಿ ತೆಂಗೋ ಅಡಿಕೆಯೋ ಅನ್ನಿಸುವಂಥ ಒಂದು ಮರ ಬೇಕು. ಅಂಗಡಿಯಲ್ಲಿ ‘ಅರೆಕಾ ಪಾಮ್’ ನೋಡಿದ್ದೀರಿ, ಅದನ್ನು ಹೊರಗೆ ನೆಡಬಹುದಾ, ಚಳಿಗಾಲದಲ್ಲಿ ಹೇಗೆ ಕಾಪಾಡಬೇಕು ಅಂತ ಕೇಳಿದ್ದೀರಿ. ನಾನು ಶಿರಸಿ ಕಡೆಯವನು, ನಮ್ಮದು ಅಡಿಕೆ ತೋಟದ ಮನೆ. 12 ವರ್ಷದಿಂದ ಇದೇ ರಾಜ್ಯದ ರಾಲಿಯಲ್ಲಿದ್ದೇನೆ. ಈ ಆಸೆ ಎಂಥದ್ದು ಅಂತ ನನಗೆ ಚೆನ್ನಾಗಿ ಗೊತ್ತು.

ಆ ಅರೆಕಾ ಪಾಮ್ ತಂದು ಹೊರಗೆ ನೆಡಬೇಡಿ. ಹೆಸರು ಅರೆಕಾ ಅಂತಿದ್ದರೂ ಅದು ನಮ್ಮ ಅಡಿಕೆ ಅಲ್ಲ. ಮಡಗಾಸ್ಕರ್ ಮೂಲದ ಬೇರೆಯೇ ಗಿಡ. ಕುಂಡದಲ್ಲಿಟ್ಟು ಚಳಿಗಾಲದಲ್ಲಿ ಮನೆಯೊಳಗೆ ಇಟ್ಟುಕೊಂಡರೆ ಚೆನ್ನಾಗಿರುತ್ತದೆ. ಹೊರಗೆ ನೀರು ಹೆಪ್ಪುಗಟ್ಟುವ ಚಳಿ ಬಂದರೆ ಉಳಿಯುವುದಿಲ್ಲ. ತೆಂಗು, ಅಡಿಕೆಯದೂ ಅದೇ ಕಥೆ.

ಇನ್ನು ಚಳಿಯ ಲೆಕ್ಕ. ಅಮೆರಿಕದ ಕೃಷಿ ಇಲಾಖೆ 2023ರಲ್ಲಿ, ಎಲ್ಲೆಲ್ಲಿ ಎಷ್ಟು ಚಳಿ ಅಂತ ಊರುಗಳನ್ನು ವಲಯಗಳಾಗಿ ವಿಂಗಡಿಸಿ ತೋರಿಸುವ ಹೊಸ ಝೋನ್ ನಕ್ಷೆ ಹೊರತಂದಿತು. ಅದರಲ್ಲಿ ನಿಮ್ಮ ಊರೂ ನಮ್ಮ ಊರೂ ಹೆಚ್ಚುಕಡಿಮೆ 8ಎ. ಅಂದರೆ 10ರಿಂದ 15 ಡಿಗ್ರಿ ಫ್ಯಾರನ್‌ಹೀಟ್, ಸೆಲ್ಸಿಯಸ್‌ನಲ್ಲಿ ಮೈನಸ್ 12ರಿಂದ ಮೈನಸ್ 9. ಇಲ್ಲೇ ಬಹಳ ಜನ ತಪ್ಪು ತಿಳಿಯುತ್ತಾರೆ. ‘ಇದಕ್ಕಿಂತ ಕೆಳಗೆ ಹೋಗುವುದಿಲ್ಲ’ ಅಂತ ಆ ನಕ್ಷೆ ಹೇಳುವುದಿಲ್ಲ. 1991ರಿಂದ 2020ರವರೆಗೆ ಪ್ರತಿ ವರ್ಷ ಬಂದ ಅತಿ ಕಡಿಮೆ ಉಷ್ಣತೆಯ ಸರಾಸರಿ ಅದು, ಅಷ್ಟೇ. ರಾಲಿಯಲ್ಲಿ 1985ರ ಜನವರಿ 21ರಂದು ಮೈನಸ್ 9 ಫ್ಯಾರನ್‌ಹೀಟ್ ಆಗಿತ್ತು. ಸೆಲ್ಸಿಯಸ್‌ನಲ್ಲಿ ಸುಮಾರು ಮೈನಸ್ 23. ಡಲ್ಲಾಸ್‌ನಲ್ಲಿ 2021ರ ಫೆಬ್ರವರಿಯಲ್ಲಿ ಮೈನಸ್ 2 ಫ್ಯಾರನ್‌ಹೀಟ್ ತನಕ ಇಳಿಯಿತು. ಆ ವಾರ ಟೆಕ್ಸಾಸ್‌ನಲ್ಲಿ ಎಷ್ಟೋ ಮನೆಗಳ ಮುಂದಿನ ಪಾಮ್ ಮರಗಳು ಸತ್ತವು. ಹಾಗಾಗಿ ಝೋನ್‌ಗೆ ಕೂದಲೆಳೆಯಲ್ಲಿ ಹೊಂದುವ ಗಿಡ ಬೇಡ. ಇನ್ನೂ ಒಂದು ಮೆಟ್ಟಿಲು ಗಟ್ಟಿ ಇರುವುದನ್ನೇ ಆರಿಸಿ.

ನಿಮಗೆ ನಾನು ಹೇಳುವುದು ವಿಂಡ್‌ಮಿಲ್ ಪಾಮ್. ಚೀನಾ ಮೂಲದ್ದು. ಇದರ ಸಸ್ಯಶಾಸ್ತ್ರದ ಹೆಸರಿನಲ್ಲಿ ಬರುವ ‘ಫಾರ್ಚುನಿ’ ಅಂದರೆ ರಾಬರ್ಟ್ ಫಾರ್ಚೂನ್. ಚೀನಾದಿಂದ ಚಹಾ ಗಿಡಗಳನ್ನು ಹಿಮಾಲಯಕ್ಕೆ ತಂದವನೂ ಅವನೇ. ಬೇರು ಚೆನ್ನಾಗಿ ಇಳಿದ ಗಿಡ 5ರಿಂದ 10 ಫ್ಯಾರನ್‌ಹೀಟ್ ತನಕ ತಡೆಯುತ್ತದೆ. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಇದು ಅಡಿಕೆಯ ಹಾಗೆ ಕಾಣುವುದಿಲ್ಲ. ಎಲೆ ಬೀಸಣಿಗೆಯಂತೆ, ನಮ್ಮ ತಾಳೆಗರಿಯನ್ನು ಚಿಕ್ಕದು ಮಾಡಿದ ಹಾಗೆ. ಕಾಂಡದ ತುಂಬ ಕಂದು ನಾರು. ಹತ್ತಿರ ಹೋಗಿ ಮುಟ್ಟಿ ನೋಡಿ, ತೆಂಗಿನ ಗರಿಯ ಬುಡದಲ್ಲಿ ಬಲೆಯಂತೆ ಇರುತ್ತದಲ್ಲ, ಥೇಟ್ ಅದೇ. ಚೀನಾದಲ್ಲಿ ಈ ನಾರಿನಿಂದ ಹಗ್ಗ ಹೊಸೆಯುತ್ತಿದ್ದರು, ಮಳೆಗೆ ಹೊದೆಯುವ ಹೊದಿಕೆ ಮಾಡುತ್ತಿದ್ದರು. ನಮ್ಮ ಮಲೆನಾಡಿನ ಗೊರಬಿನ ಕೆಲಸ ಅದು. ಸಂಜೆ ಗಾಳಿಗೆ ಈ ಎಲೆಗಳು ಅಲ್ಲಾಡುವ ಸದ್ದು ಕೇಳಿದರೆ ತೋಟದಲ್ಲಿ ನಿಂತ ಹಾಗೇ ಆಗುತ್ತದೆ ನನಗೆ.

ಗರಿ ಗರಿಯಾಗಿ ಇರುವುದೇ ಬೇಕು ಅಂದರೆ ಪಿಂಡೋ ಪಾಮ್ ಒಂದಿದೆ. ದಕ್ಷಿಣ ಬ್ರೆಜಿಲ್, ಉರುಗ್ವೆ ಕಡೆಯದು. ಬೂದು ಬಣ್ಣದ ಬಾಗಿದ ಗರಿ, ಹಳದಿ ಹಣ್ಣು, ತಿನ್ನಲೂ ಬರುತ್ತದೆ. ಆದರೆ ನಮ್ಮ ಊರುಗಳ ಚಳಿ ಅದರ ಗಡಿಯಲ್ಲೇ ಇದೆ. ಚಾರ್ಲಟ್‌ನಲ್ಲಿ ಬಿಸಿಲು ಬೀಳುವ ಇಟ್ಟಿಗೆ ಗೋಡೆ ಪಕ್ಕದಲ್ಲಿ ಹಾಕಿ ಪ್ರಯತ್ನ ಮಾಡಬಹುದು. ಮೊದಲ ಗಿಡವಾಗಿ ಬೇಡ.

ಏನೂ ತಲೆನೋವು ಬೇಡ ಅನ್ನುವವರಿಗೆ ಅಮೆರಿಕದ ಆಗ್ನೇಯ ಭಾಗದ ಮಣ್ಣಿನದೇ ಎರಡು ಗಿಡಗಳಿವೆ. ಡ್ವಾರ್ಫ್ ಪಾಲ್ಮೆಟ್ಟೊ ನಾರ್ತ್ ಕ್ಯಾರೊಲಿನಾದ ಕರಾವಳಿಯಲ್ಲಿ ತಾನಾಗಿ ಬೆಳೆಯುತ್ತದೆ. ಇದರ ಕಾಂಡ ಸಾಮಾನ್ಯವಾಗಿ ನೆಲದೊಳಗೇ ಇರುವುದರಿಂದ ಚಳಿಗೆ ಜಗ್ಗುವುದಿಲ್ಲ. ನೀಡಲ್ ಪಾಮ್ ಇನ್ನೂ ಗಟ್ಟಿ. ಪಾಮ್‌ಗಳಲ್ಲೇ ಚಳಿಗೆ ಅತಿ ಹೆಚ್ಚು ತಡೆಯುವುದು ಅದೇ ಅನ್ನುತ್ತಾರೆ. ಪೊದೆಯಾಗಿ ನಿಧಾನಕ್ಕೆ ಬೆಳೆಯುತ್ತದೆ. ಬುಡದಲ್ಲಿ ಉದ್ದುದ್ದ ಕಪ್ಪು ಮುಳ್ಳು. ಚಿಕ್ಕ ಮಕ್ಕಳು ಓಡಾಡುವ ಜಾಗದಲ್ಲಿ ಬೇಡ.

ನಿಮ್ಮ ಪಕ್ಕದ ಸೌತ್ ಕ್ಯಾರೊಲಿನಾದ ಬಾವುಟದಲ್ಲಿ ಇರುವ ಮರ ಕ್ಯಾಬೇಜ್ ಪಾಮ್. 1776ರಲ್ಲಿ ಬ್ರಿಟಿಷರ ಫಿರಂಗಿ ಗುಂಡುಗಳನ್ನು ಇದರ ದಿಮ್ಮಿಗಳಿಂದ ಕಟ್ಟಿದ ಕೋಟೆ ತಡೆದಿತ್ತು. ಮರ ಅಷ್ಟು ಮೆತ್ತಗೆ, ಗುಂಡು ಒಳಗೇ ಹೂತು ನಿಲ್ಲುತ್ತಿತ್ತಂತೆ. ಅದು ಚಾರ್ಲಟ್‌ನಲ್ಲಿ ಬದುಕುತ್ತದೆ. ಆದರೆ ದೊಡ್ಡ ಮರ ಕಿತ್ತು ತಂದು ನೆಟ್ಟರೆ, ಕಡಿದ ಬೇರು ಪೂರ್ತಿ ಸತ್ತು ಕಾಂಡದಿಂದ ಹೊಸ ಬೇರು ಬರಬೇಕು. ಅದಕ್ಕೆ ಒಂದು ಇಡೀ ಬೇಸಿಗೆ ಬೇಕು.

ಇನ್ನೊಂದು ಎಚ್ಚರಿಕೆ. ‘ಸೇಗೊ ಪಾಮ್’ ಅಂತ ಚಂದದ ಗಿಡ ಎಲ್ಲ ಕಡೆ ಸಿಗುತ್ತದೆ. ಅದು ಪಾಮ್ ಜಾತಿಯೇ ಅಲ್ಲ, ಸೈಕಸ್ ಅನ್ನುವ ಬೇರೆಯೇ ಗಿಡ. ಮನೆಯಲ್ಲಿ ನಾಯಿ ಇದ್ದರೆ ಖಂಡಿತ ತರಬೇಡಿ. ಅದರ ಬೀಜ ತಿಂದರೆ ನಾಯಿಯ ಲಿವರ್ ಕೆಟ್ಟು ಜೀವಕ್ಕೇ ಅಪಾಯ.

ನೆಡುವಾಗ ನಮ್ಮ ಕೆಂಪು ಜೇಡಿಮಣ್ಣು ತೊಂದರೆ ಕೊಡುತ್ತದೆ. ಆಳವಾಗಿ ಗುಂಡಿ ತೋಡಿ ಒಳ್ಳೆ ಮಣ್ಣು ತುಂಬಿದರೆ ಅದು ಬಾವಿಯಾಗುತ್ತದೆ, ಮಳೆ ನೀರೆಲ್ಲ ಅಲ್ಲೇ ನಿಲ್ಲುತ್ತದೆ. ಕುಂಡದ ಎತ್ತರಕ್ಕಿಂತ ಆಳ ಬೇಡ. ಅಗಲ ಜಾಸ್ತಿ ಇರಲಿ, ಗಿಡ ನೆಲದಿಂದ ಎರಡು ಇಂಚು ಎತ್ತರದಲ್ಲೇ ಕೂರಲಿ. ಕಾಂಡಕ್ಕೆ ಮಣ್ಣು ಏರಿಸಬೇಡಿ. ಬಡಗಣ ಗಾಳಿ ನೇರ ಹೊಡೆಯದ ಜಾಗ ನೋಡಿ.

ಇಷ್ಟೆಲ್ಲ ಯಾಕೆ ಅಂದರೆ, ಈ ಜಾತಿಯ ಮರಕ್ಕೆ ಜೀವ ಇರುವುದು ಸುಳಿಯಲ್ಲಿ. ಮಾವಿನ ಕೊಂಬೆ ಕಡಿದರೆ ಪಕ್ಕದಲ್ಲಿ ಚಿಗುರುತ್ತದೆ. ವಿಂಡ್‌ಮಿಲ್ ಪಾಮ್‌ಗೆ ಇರುವುದು ಒಂದೇ ಸುಳಿ. ಎಲೆ ಎಲ್ಲ ಸುಟ್ಟರೂ ಚಿಂತೆಯಿಲ್ಲ, ಸುಳಿ ಉಳಿಯಬೇಕು. ಅದಕ್ಕೆ ಚಳಿಗಿಂತ ದೊಡ್ಡ ಶತ್ರು ಚಳಿಯ ಜೊತೆ ನಿಲ್ಲುವ ತೇವ.

ಇದನ್ನು ನಾನು ಕಲಿತದ್ದು ಗಿಡಕ್ಕೆ ನೋವು ಮಾಡಿಯೇ. ಊರಲ್ಲಿ ಮಳೆಗಾಲಕ್ಕೆ ಮುಂಚೆ ಅಡಿಕೆ ಕೊನೆಗೆ ಪ್ಲಾಸ್ಟಿಕ್ ಕೊಟ್ಟೆ ಕಟ್ಟುವುದನ್ನು ನೋಡಿ ಬೆಳೆದವನು ನಾನು. ಮೊದಲ ಜನವರಿಯಲ್ಲಿ ಹಾಗೇ ವಿಂಡ್‌ಮಿಲ್ ಪಾಮ್‌ಗೆ ಪ್ಲಾಸ್ಟಿಕ್ ಸುತ್ತಿ ಹತ್ತು ದಿನ ಬಿಟ್ಟೆ. ಹಗಲು ಬಿಸಿಲಿಗೆ ಒಳಗೆ ಬೆವರು, ರಾತ್ರಿ ಅದೇ ನೀರು ಹೆಪ್ಪು. ಮಾರ್ಚ್‌ನಲ್ಲಿ ಸುಳಿ ಹಳದಿಯಾಗಿತ್ತು. ಅಪ್ಪನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ‘ಮೆಲ್ಲಗೆ ಎಳೆದು ನೋಡು’ ಅಂದರು. ಎರಡು ಬೆರಳಲ್ಲಿ ಹಿಡಿದು ಎಳೆದೆ, ಸುಳಿ ಸುಮ್ನೆ ಕೈಗೆ ಬಂತು. ತುದಿ ಕಂದು, ಲೋಳೆ, ಕೊಳೆತ ವಾಸನೆ. ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಕಡಿಯಬೇಡ, ಔಷಧಿ ಹಾಕು’ ಅಂದರು. ಊರಲ್ಲಿ ಕೊಳೆರೋಗಕ್ಕೆ ಹೊಡೆಯುವುದು ಬೋರ್ಡೋ ದ್ರಾವಣ, 100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಇಲ್ಲಿ ಸಿಗುವ ತಾಮ್ರದ ಶಿಲೀಂಧ್ರನಾಶಕವೂ ಅದೇ ಜಾತಿಯದು. ಕೊಳೆತದ್ದನ್ನು ತೆಗೆದು, ಶೇ. 3ರ ಹೈಡ್ರೋಜನ್ ಪೆರಾಕ್ಸೈಡ್ ಹುಯ್ದು, ಒಣಗಿದ ಮೇಲೆ ಲೇಬಲ್‌ನಲ್ಲಿ ಹೇಳಿದ ಅಳತೆಯಲ್ಲಿ ಅದನ್ನು ಹಾಕಿದೆ. ಪದೇ ಪದೇ ಹಾಕಬಾರದು, ತಾಮ್ರ ಜಾಸ್ತಿಯಾದರೆ ಗಿಡಕ್ಕೇ ವಿಷ. ಜುಲೈನಲ್ಲಿ ಹೊಸ ಸುಳಿ ಬಂತು. ಎಲೆ ಬಿಚ್ಚಿದಾಗ ತುದಿಯೆಲ್ಲ ಕತ್ತರಿಯಲ್ಲಿ ಕತ್ತರಿಸಿದ ಹಾಗಿತ್ತು. ಕೊಳೆ ಅಲ್ಲಿಯವರೆಗೆ ಬಂದು ನಿಂತಿತ್ತು ಅಂತ ಆಗ ಗೊತ್ತಾಯಿತು. ಆ ಮರ ಈಗ ನನಗಿಂತ ಎತ್ತರ.

ಈಗ ನಾನು ಮಾಡುವುದಿಷ್ಟು. 20 ಫ್ಯಾರನ್‌ಹೀಟ್‌ಗಿಂತ ಕೆಳಗೆ ಹೋಗುತ್ತದೆ ಅಂದರೆ ಎಳೆಯ ಗಿಡಗಳ ಎಲೆಗಳನ್ನು ಮೇಲೆತ್ತಿ ಸಡಿಲವಾಗಿ ಕಟ್ಟಿ, ಗಾಳಿಯಾಡುವ ಫ್ರಾಸ್ಟ್ ಬಟ್ಟೆ ಹೊದಿಸುತ್ತೇನೆ. ತುಂಬ ಚಳಿ ಇದ್ದರೆ ಒಳಗೆ ಹೊರಾಂಗಣಕ್ಕೆ ಮಾಡಿದ ಹಳೆ ಕಾಲದ ಬಿಸಿಯಾಗುವ ಬಲ್ಬಿನ ಕ್ರಿಸ್ಮಸ್ ಸರ, ಬಟ್ಟೆಗೂ ಒಣ ಎಲೆಗೂ ತಾಗದ ಹಾಗೆ. ಎಲ್‌ಇಡಿ ಆದರೆ ಬಿಸಿ ಸಾಲುವುದಿಲ್ಲ. ಚಳಿ ಕಳೆದ ಮರುದಿನವೇ ಎಲ್ಲ ಬಿಚ್ಚುತ್ತೇನೆ. ಕಾಂಡಕ್ಕೆ ಮೊಳೆ ಹೊಡೆದು ಏನನ್ನೂ ತೂಗುಹಾಕಬೇಡಿ, ಆ ಗಾಯ ಮಾಯುವುದೇ ಇಲ್ಲ.

ಸುಟ್ಟ ಎಲೆಯನ್ನು ಚಳಿ ಪೂರ್ತಿ ಹೋಗುವ ತನಕ ಕತ್ತರಿಸಬೇಡಿ, ಅದೂ ಒಂದು ಹೊದಿಕೆಯೇ. ಮರ ಸತ್ತಿದೆ ಅನ್ನಿಸಿದರೂ ಆಗಸ್ಟ್ ತನಕ ಕಾಯಿರಿ. ಹಸಿರು ಎಲೆ ಚಂದಕ್ಕೆ ಅಂತ ಕಡಿಯಬೇಡಿ. ಅಡ್ಡಕ್ಕೆ ನಿಂತ ಎಲೆಗಿಂತ ಮೇಲಿನದಕ್ಕೆ ಕತ್ತಿ ಹೋಗಲೇಬಾರದು. ಹಳೆ ಎಲೆಯ ತುದಿ ಹಳದಿಯಾಗುತ್ತಿದ್ದರೆ ಸಾಮಾನ್ಯವಾಗಿ ಪೊಟ್ಯಾಶ್ ಕೊರತೆ. ಪಾಮ್‌ಗೆ ಅಂತಲೇ ಸಿಗುವ, ನಿಧಾನಕ್ಕೆ ಕರಗುವ ಗೊಬ್ಬರವನ್ನು ವಸಂತದಲ್ಲಿ ಹಾಕಿ. ಹುಲ್ಲುಹಾಸಿಗೆ ಹಾಕುವ ಗೊಬ್ಬರ ಬುಡಕ್ಕೆ ಬೀಳದಿರಲಿ.

ಕೊಳ್ಳುವ ಮುಂಚೆ ಒಂದು ಶನಿವಾರ ರಾಲಿಗೆ ಬನ್ನಿ. ಇಲ್ಲಿನ ಜೆಸಿ ರಾಲ್‌ಸ್ಟನ್ ಅರ್ಬೊರೇಟಂನಲ್ಲಿ ನಮ್ಮ ಹವೆಗೆ ಒಗ್ಗುವ ಗಿಡಗಳನ್ನು ಕಣ್ಣಾರೆ ನೋಡಬಹುದು. ನೆಡುವುದು ಮಾತ್ರ ಮೇ ತಿಂಗಳಲ್ಲಿ, ಮಣ್ಣು ಬೆಚ್ಚಗಾದ ಮೇಲೆ. ಶರತ್ಕಾಲದಲ್ಲಿ ಅಂಗಡಿಯವರು ಬೆಲೆ ಇಳಿಸುತ್ತಾರೆ. ಆಗ ನೆಟ್ಟರೆ ಬೇರು ಇಳಿಯುವ ಮೊದಲೇ ಚಳಿ ಬಂದುಬಿಡುತ್ತದೆ.